ಮಸ್ಕಿಯ ಕಲ್ಲಿನಲ್ಲಿ ಸಾಲುಮರ ಇಲ್ಲ

ಅಶೋಕ ಸಾಲುಮರ ನೆಡಿಸಿದ, ಬಾವಿ ತೋಡಿಸಿದ. ಕನ್ನಡ ಮೀಡಿಯಂನಲ್ಲಿ ಓದಿದ ನಮ್ಮಂಥವರಿಗೆ ಇತಿಹಾಸ ಅಂದ ತಕ್ಷಣ ನೆನಪಾಗೋದು ಇದೇ. ಪರೀಕ್ಷೆಯಲ್ಲಿ ಅಶೋಕನ ಬಗ್ಗೆ ಏನು ಕೇಳಿದರೂ ಈ ಎರಡು ಸಾಲು ಬರೆದರೆ ಒಂದಷ್ಟು ಮಾರ್ಕ್ಸ್ ಗ್ಯಾರಂಟಿ ಇತ್ತು. ಅಶೋಕ ಅನ್ನೋ ಹೆಸರೇ ಕಲ್ಲಿನ ಮೇಲೆ ಮೊದಲು ಸಿಕ್ಕಿದ್ದು ನಮ್ಮ ಮಸ್ಕಿಯಲ್ಲಿ ಅಂತಲೂ ಮೇಷ್ಟ್ರು ಹೇಳಿದ್ದರು. ಹಾಗಾಗಿ ನನ್ನ ತಲೆಯಲ್ಲಿ ಎರಡೂ ಒಂದಕ್ಕೊಂದು ಅಂಟಿಕೊಂಡುಬಿಟ್ಟಿದ್ದವು. ಮಸ್ಕಿಯ ಶಾಸನ ಅಂದ್ರೆ ಸಾಲುಮರದ ಶಾಸನವೇ ಇರಬೇಕು ಅಂದುಕೊಂಡಿದ್ದೆ.

ಮೇ ತಿಂಗಳ ಒಂದು ಮಧ್ಯಾಹ್ನ ಆ ಗುಡ್ಡದ ಬುಡದಲ್ಲಿ ನಿಂತಾಗ ಎರಡು ವಿಷಯ ಗೊತ್ತಾದವು. ಒಂದು, ಆ ಶಾಸನದಲ್ಲಿ ಮರದ ಸುದ್ದಿಯೇ ಇಲ್ಲ. ಎರಡು, ಆ ಬಿಸಿಲಲ್ಲಿ ನಿಲ್ಲೋಕೆ ನೆರಳೂ ಇಲ್ಲ. ನಾನು ಅತ್ತಿತ್ತ ನೋಡೋದನ್ನ ಕಂಡು ಕುರಿ ಕಾಯುವ ಹಿರಿಯರೊಬ್ಬರು ಕೇಳಿದರು: "ಏನ್ ಹುಡುಕ್ಲಕತ್ತೀರಿ?" "ಎಲ್ಲಾದ್ರೂ ಮರ ಇದ್ರೆ ಸ್ವಲ್ಪ ಕೂರೋಣ ಅಂತ" ಅಂದೆ. ಅವರು ನಕ್ಕರು. ಬೆಂಗಳೂರಿನಲ್ಲಿ ಇದ್ದೂ ಇದ್ದೂ ನನ್ನ ಮಾತೂ ಬದಲಾಗಿತ್ತು. ನಮ್ಮ ಕಡೆ ಮರ ಅಂದ್ರೆ ಕಾಳು ಕೇರೋ ಮೊರ. ಬೆಳೆದು ನಿಂತದ್ದು ಎಷ್ಟೇ ದೊಡ್ಡದಿರಲಿ, ಅದು ಗಿಡ. ಆಲದ ಗಿಡ, ಬೇವಿನ ಗಿಡ, ಹುಣಸಿ ಗಿಡ. "ಗಿಡಾ ಬೇಕಂದ್ರ ಊರ ಕಡಿ ನಡೀರಿ, ಕಟ್ಟಿ ಐತಿ" ಅಂತ ಅವರು ಕೈ ತೋರಿಸಿದರು.

ಆ ಕಲ್ಲು ಮತ್ತು ಆ ಕಟ್ಟೆ, ಇವೆರಡರ ನಡುವೆ ಏನೇನಾಯಿತು ಅನ್ನೋದೇ ಈ ಬರಹ.

ಮೊದಲು ಕಲ್ಲಿನ ಕಥೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ. ದೇಶದ ಉದ್ದಗಲಕ್ಕೂ ಸಿಕ್ಕ ಶಾಸನಗಳಲ್ಲಿ 'ದೇವರಿಗೆ ಪ್ರಿಯನಾದ ಪ್ರಿಯದರ್ಶಿ' ಅನ್ನೋ ರಾಜನೊಬ್ಬ ಮಾತಾಡುತ್ತಿದ್ದ. ಅವನು ಯಾರು? ಸಿಂಹಳದ ಬೌದ್ಧ ಗ್ರಂಥಗಳನ್ನು ನೋಡಿ ಅವನು ಅಶೋಕನೇ ಅಂತ ವಿದ್ವಾಂಸರು ಹೇಳಿದ್ದರು, ಆದರೆ ಆ ರಾಜನ ಶಾಸನಗಳಲ್ಲಿ ಆ ಹೆಸರು ಕಂಡಿರಲಿಲ್ಲ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಾ ಈ ಸೀಮೆಯಲ್ಲಿ ಅಲೆಯುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ ಮಸ್ಕಿಯ ಬಂಡೆ ಬಿತ್ತು. ಅದರಲ್ಲಿ 'ಅಶೋಕ' ಅಂತ ಹೆಸರು ಹಿಡಿದೇ ಬರೆದಿತ್ತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಹೈದರಾಬಾದ್ ಸಂಸ್ಥಾನದ ಪುರಾತತ್ವ ಮಾಲೆಯ ಮೊದಲ ಪುಸ್ತಕವಾಗಿ ಪ್ರಕಟಿಸಿದರು. ಆಮೇಲೆ ಮಧ್ಯಪ್ರದೇಶದ ಗುಜರ‍್ರಾ, ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳದಲ್ಲೂ ಆ ಹೆಸರು ಸಿಕ್ಕಿತು. ಆದರೆ ಮೊದಲ ಸಾಕ್ಷಿ ಮಸ್ಕಿಯದೇ.

ಹಾಗಾದ್ರೆ ಆ ಕಲ್ಲು ಏನು ಹೇಳುತ್ತೆ? ನಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು, ಸಂಘದ ಹತ್ತಿರ ಹೋದ ಮೇಲೆ ಹೆಚ್ಚು ಶ್ರಮ ಹಾಕಿದೆ ಅಂತ ರಾಜ ಹೇಳಿಕೊಳ್ಳುತ್ತಾನೆ. ಮುಂದಿನ ಮಾತು ಮುಖ್ಯ. ಈ ಗುರಿ ದೊಡ್ಡವರಿಗೆ ಮಾತ್ರ ಸಿಗುವಂಥದ್ದು ಅಂತ ತಿಳಿಯಬೇಡಿ, ಧರ್ಮದಲ್ಲಿ ತೊಡಗಿದ ಸಣ್ಣವನೂ ಇದನ್ನು ಮುಟ್ಟಬಲ್ಲ, ಸಣ್ಣವರಿಗೂ ದೊಡ್ಡವರಿಗೂ ಇಬ್ಬರಿಗೂ ಇದನ್ನು ಹೇಳಿ. ಹೀಗೆ ನಡೆದುಕೊಂಡರೆ ಈ ಕೆಲಸ ಬಹುಕಾಲ ನಿಲ್ಲುತ್ತೆ, ಒಂದೂವರೆ ಪಟ್ಟು ಬೆಳೆಯುತ್ತೆ. ಸಣ್ಣವನಿಗೆ ಅಲ್ಲಿ ಬಳಸಿರೋ ಪ್ರಾಕೃತ ಪದ 'ಖುದಕ'. ನಮ್ಮ ಕ್ಷುದ್ರ ಅನ್ನೋ ಪದದ ಬಳಗದ್ದೇ, ಆದರೆ ಇಲ್ಲಿ ತಿರಸ್ಕಾರ ಇಲ್ಲ. ಸಾಮಾನ್ಯ ಮನುಷ್ಯ ಅಂತ ಅರ್ಥ.

ಮತ್ತೆ ಸಾಲುಮರ? ಅದು ಬೇರೆ ಶಾಸನಗಳಲ್ಲಿದೆ. ರಸ್ತೆಗಳಲ್ಲಿ ಮನುಷ್ಯರಿಗೂ ಪಶುಗಳಿಗೂ ನೆರಳಾಗಲಿ ಅಂತ ಆಲದ ಮರ ನೆಡಿಸಿದೆ, ಮಾವಿನ ತೋಪು ಮಾಡಿಸಿದೆ, ಬಾವಿ ತೋಡಿಸಿದೆ ಅನ್ನೋದು ಈಗ ದೆಹಲಿಯಲ್ಲಿರುವ ತೋಪ್ರಾ ಸ್ತಂಭದ ಏಳನೇ ಶಾಸನದ ಮಾತು. ಔಷಧಿ ಗಿಡಗಳನ್ನು ತರಿಸಿ ಹಾಕಿಸಿದೆ, ದಾರಿಯಲ್ಲಿ ಮರ ನೆಡಿಸಿದೆ ಅನ್ನೋದು ಎರಡನೇ ಬಂಡೆ ಶಾಸನದಲ್ಲಿದೆ. ಅದರ ಪ್ರತಿ ನೋಡಬೇಕಂದ್ರೆ ನಾವು ತುಂಗಭದ್ರೆ ದಾಟಿ ಕರ್ನೂಲು ಜಿಲ್ಲೆಯ ಯರ‍್ರಗುಡಿಗೆ ಹೋಗಬೇಕು. ಇನ್ನೊಂದು ಸ್ತಂಭ ಶಾಸನದಲ್ಲಿ ಕಾಡಿಗೆ ಸುಮ್ಮಸುಮ್ಮನೆ ಬೆಂಕಿ ಹಚ್ಚಬಾರದು ಅನ್ನೋ ಆಜ್ಞೆಯೂ ಇದೆ.

ಗಮನಿಸಿ: ಎಲ್ಲಾ ಕಡೆ 'ನೆಡಿಸಿದೆ' ಅಂತಿದೆ. ನೀರು ಹಾಕಿದವರು ಯಾರು, ಮೇಕೆ ಬಾಯಿಂದ ಸಸಿ ಕಾಪಾಡಿದವರು ಯಾರು ಅನ್ನೋದು ಯಾವ ಶಾಸನದಲ್ಲೂ ಇಲ್ಲ. ಆಲದ ಸಸಿ ತನ್ನ ಕಾಲ ಮೇಲೆ ನಿಲ್ಲೋಕೆ ನಮ್ಮಂಥ ಬಿಸಿಲ ಸೀಮೆಯಲ್ಲಿ ಕನಿಷ್ಠ ಮೂರು ಬೇಸಿಗೆ ಯಾರಾದರೂ ನೋಡಿಕೊಳ್ಳಬೇಕು. ಆ ಮೂರು ಬೇಸಿಗೆಯ ಕೆಲಸ ಖುದಕನದು. ಸಾಲುಮರದ ಶಾಸನ ರಾಜನ ಬಗ್ಗೆ ಇದೆ. ಅವನ್ನು ಬೆಳೆಸಬೇಕಾದವನ ಬಗ್ಗೆ ಇರೋದು, ಒಂದು ಮರದ ಹೆಸರೂ ಇಲ್ಲದ ಮಸ್ಕಿಯ ಶಾಸನ.

ಈಗ ನಮ್ಮ ದೋಆಬಿಗೆ ಬರೋಣ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ನೆಲದಲ್ಲಿ ಲಿಂಗಸುಗೂರು, ಸಿಂಧನೂರು, ಮಸ್ಕಿ ಇವೆ. ಮೊನ್ನೆಮೊನ್ನೆಯವರೆಗೆ ಲಿಂಗಸುಗೂರು ತಾಲೂಕಿನ ಊರಾಗಿದ್ದ ಮಸ್ಕಿ ಈಗ ತಾನೇ ಒಂದು ತಾಲೂಕು. ಎರಡು ದೊಡ್ಡ ಹೊಳೆಗಳ ನಡುವೆ ಇದ್ದರೂ ಮಳೆ ಕಮ್ಮಿ, ಕಲ್ಲುಗುಡ್ಡ ಜಾಸ್ತಿ. ರಾಯಚೂರು ಜಿಲ್ಲೆಯಲ್ಲಿ ಕಾಗದದ ಮೇಲೆ ಅರಣ್ಯ ಅಂತ ಇರೋದು ಒಟ್ಟು ವಿಸ್ತೀರ್ಣದ ನೂರಕ್ಕೆ ಐದರಷ್ಟೂ ಇಲ್ಲ. ದೇಶದ ಮೂರನೇ ಒಂದು ಭಾಗ ಕಾಡಿರಬೇಕು ಅಂತ 1988ರ ರಾಷ್ಟ್ರೀಯ ಅರಣ್ಯ ನೀತಿ ಹೇಳುತ್ತೆ. ಆ ಲೆಕ್ಕದಲ್ಲಿ ನಾವು ಫೇಲ್.

ಇಲ್ಲಿ ಮರ ಮೊದಲಿಂದಲೂ ಕಡಿಮೆಯೇ ಅನ್ನೋದು ಅರ್ಧ ಉತ್ತರ. ಇನ್ನರ್ಧ ಮನುಷ್ಯರದು. ಮುದಗಲ್ ಬಳಿಯ ಪಿಕ್ಲಿಹಾಳದಲ್ಲಿ ಆಲ್ಚಿನ್ ಅವರು 1950ರ ದಶಕದಲ್ಲಿ ಉತ್ಖನನ ಮಾಡಿದಾಗ ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ದನ ಸಾಕುತ್ತಿದ್ದವರ ನೆಲೆ ಸಿಕ್ಕಿತು. ಆ ಕಾಲದವರು ಸಗಣಿ ರಾಶಿ ಹಾಕಿ ಸುಟ್ಟ ಬೂದಿದಿಬ್ಬಗಳು ಈ ಸೀಮೆಯಲ್ಲಿ ಅಲ್ಲಲ್ಲಿ ಇವೆ. ಮೇವು, ದೊಡ್ಡಿ, ಸೌದೆ, ಎಲ್ಲವೂ ಸುತ್ತಲಿನ ಅಡವಿಯಿಂದಲೇ ಬರಬೇಕು. ಆಮೇಲೆ ಚಿನ್ನ. ಹಟ್ಟಿಯ ಹಳೆಯ ಸುರಂಗಗಳಲ್ಲಿ ಸಿಕ್ಕ ಮರದ ತುಂಡುಗಳ ವಯಸ್ಸು ಸುಮಾರು ಎರಡು ಸಾವಿರ ವರ್ಷ ಅಂತ ಕಾರ್ಬನ್ ಪರೀಕ್ಷೆ ಹೇಳಿದೆ. ಹಳೇ ಕಾಲದಲ್ಲಿ ಚಿನ್ನ ತೆಗೆಯಲು ಬಂಡೆಯ ಮೇಲೆ ಸೌದೆ ಒಟ್ಟಿ ಬೆಂಕಿ ಹಾಕಿ ಕಾಯಿಸುತ್ತಿದ್ದರು, ಮೇಲೆ ನೀರು ಸುರಿದರೆ ಕಲ್ಲು ಸೀಳುತ್ತಿತ್ತು. ಆಳಕ್ಕೆ ಹೋದಂತೆ ಸುರಂಗ ಕುಸಿಯದ ಹಾಗೆ ಮರದ ಆನಿಕೆ ಕೊಡಬೇಕು. ಒಂದು ಉಂಗುರದ ಚಿನ್ನಕ್ಕೆ ಎಷ್ಟು ಗಿಡ ಉರಿದವೋ. ಬೀಡನ್‌ನನ್ನು ಮಸ್ಕಿಗೆ ಕರೆತಂದದ್ದೂ ಅದೇ ಚಿನ್ನದ ಆಸೆ ತಾನೆ.

ಕಡಿದವರ ಕಥೆ ಇದಾದರೆ, ಉಳಿಸಿದವರ ಕಥೆಯೂ ಇದೆ. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಮಸ್ಕಿಯ ಹೆಸರು ಮೊಸಂಗಿ. ಹನ್ನೊಂದನೇ ಶತಮಾನದಲ್ಲಿ ಚೋಳ ರಾಜೇಂದ್ರನೂ ಚಾಲುಕ್ಯ ಜಯಸಿಂಹನೂ ಕಾದಾಡಿದ ಜಾಗ ಇದೇ ಅಂತ ಹೇಳುತ್ತಾರೆ. ಆ ಕಾಲದ ಕನ್ನಡ ದಾನಶಾಸನಗಳನ್ನು ಓದಿದರೆ ಒಂದು ಕ್ರಮ ಕಾಣುತ್ತೆ. ದೇವಸ್ಥಾನಕ್ಕೆ ಹೊಲ ಕೊಡುತ್ತಾರೆ, ಜೊತೆಗೆ ಹೂದೋಟ ಕೊಡುತ್ತಾರೆ. ಎಷ್ಟು ಮತ್ತರು, ಯಾವ ಕೆರೆಯ ಕೆಳಗೆ, ಎಲ್ಲೆ ಎಲ್ಲಿ ಅಂತ ಬರೆಯುತ್ತಾರೆ. ನೋಡಿಕೊಳ್ಳುವವರು ಯಾರು ಅಂತಲೂ ಇರುತ್ತೆ: ಇಂಥ ಆಚಾರ್ಯ, ಇಷ್ಟು ಮಹಾಜನರು. ಕೊನೆಗೆ ಶಾಪ: ಇದನ್ನು ಹಾಳು ಮಾಡಿದವನಿಗೆ ವಾರಣಾಸಿಯಲ್ಲಿ ಗೋವುಗಳನ್ನು ಕೊಂದ ಪಾಪ. ಶಾಪವನ್ನು ಪಕ್ಕಕ್ಕಿಡಿ. ಜಾಗದ ಅಳತೆ, ನೀರಿನ ಮೂಲ, ಹೊಣೆಗಾರರ ಹೆಸರು, ತಪ್ಪಿದರೆ ಶಿಕ್ಷೆ. ಒಂದು ಪಾರ್ಕಿನ ನಿರ್ವಹಣೆಗೆ ಇವತ್ತಿಗೂ ಬೇಕಾಗಿರೋದು ಈ ನಾಲ್ಕೇ.

ಊರಿನಲ್ಲಿ ಇದೇ ಕೆಲಸವನ್ನ ಬರವಣಿಗೆಯೇ ಇಲ್ಲದೆ ಮಾಡಿದ್ದು ಕಟ್ಟೆ. ಅರಳಿಗೂ ಬೇವಿಗೂ ಮದುವೆ ಮಾಡಿ, ಸುತ್ತ ಕಲ್ಲು ಕಟ್ಟಿ, ಬುಡದಲ್ಲಿ ನಾಗರಕಲ್ಲು ಇಟ್ಟರೆ ಆ ಗಿಡಕ್ಕೆ ಕೊಡಲಿ ಬೀಳಲ್ಲ. ಬೆಳಿಗ್ಗೆ ಹೆಣ್ಣುಮಕ್ಕಳು ಸ್ನಾನ ಮಾಡಿ ತಂಬಿಗೆ ನೀರು ತಂದು ಬುಡಕ್ಕೆ ಹಾಕಿ ಸುತ್ತು ಬರುತ್ತಾರೆ. ಇದನ್ನ ಬರೀ ನಂಬಿಕೆ ಅಂತ ನೋಡಬೇಡಿ. ಬರಗಾಲದಲ್ಲೂ ದಿನಕ್ಕೆ ಇಪ್ಪತ್ತು ತಂಬಿಗೆ ನೀರು ತಪ್ಪದೆ ಬೀಳುವ ಏರ್ಪಾಡು ಅದು. ದಸರೆಯಲ್ಲಿ ಬನ್ನಿ ಗಿಡಕ್ಕೆ ಪೂಜೆ. ಬನ್ನಿಯ ಎಲೆಯನ್ನೇ ಬಂಗಾರ ಅಂತ ಹಂಚಿಕೊಳ್ಳುವ ಹಬ್ಬ ಚಿನ್ನದ ಗಣಿಯ ಸೀಮೆಯಲ್ಲಿ ಇದೆ ಅನ್ನೋದೇ ನನಗೆ ಖುಷಿ ಕೊಡುತ್ತೆ.

ಆದರೆ ಕಟ್ಟೆಯನ್ನು ಹೊಗಳುವಾಗ ಒಂದು ಸತ್ಯ ಮುಚ್ಚಿಡಬಾರದು. ಕಟ್ಟೆಯ ನೆರಳು ಎಲ್ಲರದೂ ಆಗಿರಲಿಲ್ಲ. ಎಷ್ಟೋ ಊರುಗಳಲ್ಲಿ ದಲಿತರು ಕಟ್ಟೆ ಹತ್ತುವಂತಿರಲಿಲ್ಲ, ಪಂಚಾಯ್ತಿ ಕೂತಾಗ ದೂರದಲ್ಲಿ ಬಿಸಿಲಲ್ಲಿ ನಿಲ್ಲಬೇಕಿತ್ತು. ಹೆಣ್ಣುಮಕ್ಕಳು ನೀರು ಹಾಕಬಹುದಿತ್ತು, ಕೂತು ಹರಟೆ ಹೊಡೆಯುವಂತಿರಲಿಲ್ಲ. ಗಿಡ ಸಾಕೋಕೆ ಎಲ್ಲರೂ ಬೇಕು, ನೆರಳಿಗೆ ಕೆಲವರು ಮಾತ್ರ. ಸಣ್ಣವನಿಗೂ ಹೇಳಿ ಅಂತ ಕಲ್ಲಿನ ಮೇಲೆ ಕೊರೆಸಿದ ಊರಲ್ಲೂ ಕಟ್ಟೆಯ ಮೆಟ್ಟಿಲು ಸಣ್ಣವರಿಗೆ ಎತ್ತರವೇ ಆಗಿತ್ತು. ಹಾಗಾಗಿ ಪುರಸಭೆಯ ಪಾರ್ಕು ಎಷ್ಟೇ ಒಣಗಿರಲಿ, ಅದರ ಗೇಟಿನಲ್ಲಿ ಯಾರೂ ನಿಮ್ಮ ಜಾತಿ ಕೇಳೋ ಹಾಗಿಲ್ಲ ಅನ್ನೋದು ಸಣ್ಣ ಮಾತಲ್ಲ. ಹಿಂದಿನದೇ ಚೆನ್ನಾಗಿತ್ತು ಅಂತ ಹೇಳೋಕೆ ನಾನಿಲ್ಲಿ ಕೂತಿಲ್ಲ.

ನಿಜಾಮರ ಕಾಲದಲ್ಲಿ ಗಿಡದ ಬೆಲೆ ಸರ್ಕಾರಕ್ಕೆ ಚೆನ್ನಾಗಿ ಗೊತ್ತಿತ್ತು. ಸೇಂದಿ ಇಳಿಸುವ ಈಚಲು, ತಾಳೆ ಗಿಡಗಳಿಗೆ ನಂಬರು ಹಾಕಿ ಅಬಕಾರಿ ತೆರಿಗೆ ವಸೂಲಾಗುತ್ತಿತ್ತು. 1905ರವರೆಗೆ ಲಿಂಗಸುಗೂರು ಒಂದು ಜಿಲ್ಲೆಯ ಕೇಂದ್ರ. ಅಲ್ಲಿ ದಂಡು ಬೀಡುಬಿಟ್ಟದ್ದಕ್ಕೆ ಇವತ್ತಿಗೂ ಹಿರಿಯರು ಪಟ್ಟಣವನ್ನು ಛಾವಣಿ ಅನ್ನುತ್ತಾರೆ. ಜಿಲ್ಲೆ ಹೋಯಿತು, ದಂಡು ಹೋಯಿತು, ಹೆಸರು ಉಳಿಯಿತು. ಇನ್ನೊಂದು ಕಡೆಯಿಂದ ಯಾರೂ ನೀರು ಹಾಕದ ಒಂದು ಗಿಡ ಬಂತು. 1877ರಲ್ಲಿ ಮದ್ರಾಸ್ ಪ್ರಾಂತದ ಅರಣ್ಯಾಧಿಕಾರಿಗಳು ಜಮೈಕಾದಿಂದ ಬೀಜ ತರಿಸಿ ಕಡಪದ ಕಡೆ ಬಿತ್ತಿದ ಮುಳ್ಳುಜಾಲಿ, ನಾವು ಕರೆಯೋ ಬಳ್ಳಾರಿ ಜಾಲಿ. ಹಳ್ಳದ ದಂಡೆ, ಖಾಲಿ ಸೈಟು, ಕೆರೆ ಅಂಗಳ, ಎಲ್ಲಾ ಕಡೆ ಅದೇ. ಬಡವರ ಒಲೆ ಉರಿದದ್ದು ಅದರಿಂದ, ಬೇರೆ ಗಿಡಗಳ ಜಾಗ ಹೋದದ್ದೂ ಅದರಿಂದ. ಯಾರ ಹೊಣೆಗೂ ಸೇರದ ನೆಲದಲ್ಲಿ ಏನು ಬೆಳೆಯುತ್ತೆ ಅಂತ ನೋಡಬೇಕಾದರೆ ಅದನ್ನ ನೋಡಿ.

1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ನೀರಾವರಿಗೆ ನೀರು ಹರಿಯತೊಡಗಿತು. ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಮೊದಲಿನ ಸಿಂಧನೂರಾಗಿ ಉಳಿಯಲಿಲ್ಲ. ಜೋಳ, ಹತ್ತಿಯ ಎರೆ ಹೊಲಗಳು ಗದ್ದೆಗಳಾದವು. ಆಂಧ್ರದ ಕಡೆಯಿಂದ ಬಂದವರ ಕ್ಯಾಂಪುಗಳಾದವು, ಆಮೇಲೆ ಬಂಗಾಳಿ ನಿರಾಶ್ರಿತರ ಕ್ಯಾಂಪುಗಳೂ ಆದವು. ರೈಸ್ ಮಿಲ್ಲು, ಟ್ರಾಕ್ಟರ್ ಶೋರೂಮು, ಗೊಬ್ಬರದ ಅಂಗಡಿ. ಭತ್ತದ ಕಣಜ ಅನ್ನೋ ಹೆಸರು ಬಂತು. ಈಗ ನೀವು ಗೂಗಲ್ ಮ್ಯಾಪಿನಲ್ಲಿ ಸ್ಯಾಟಲೈಟ್ ಚಿತ್ರ ಹಾಕಿ ನೋಡಿ, ಬೆಳೆ ಇರುವ ತಿಂಗಳಲ್ಲಿ ಸಿಂಧನೂರಿನ ಸುತ್ತ ಕಣ್ಣು ತಂಪಾಗುವಷ್ಟು ಹಸಿರು. ಆದರೆ ಮೇ ತಿಂಗಳಲ್ಲಿ ಆ ಊರಿನ ರಸ್ತೆಯಲ್ಲಿ ಅರ್ಧ ಕಿಲೋಮೀಟರ್ ನಡೆದು ನೋಡಿ. ಹಸಿರು ಬೇರೆ, ನೆರಳು ಬೇರೆ. ಭತ್ತಕ್ಕೆ ನೆರಳು ಬಿದ್ದರೆ ಇಳುವರಿ ಕಮ್ಮಿ ಅಂತ ಬದುವಿನ ಬೇವು, ಜಾಲಿ ಹೋದವು. ಪಟ್ಟಣ ಬೆಳೆದಂತೆ ರಸ್ತೆ ಅಗಲ ಮಾಡಲು ಬೀದಿಯ ಗಿಡಗಳೂ ಹೋದವು. ತಾಪ 42 ಡಿಗ್ರಿ ದಾಟುವ ಸೀಮೆಯಲ್ಲಿ ತರಕಾರಿ ಮಾರುವ ಅವ್ವ, ಆಟೋದವರು, ಬಸ್ಸಿಗೆ ಕಾಯುವ ಹುಡುಗಿಯರು, ಇವರಿಗೆಲ್ಲ ಗಿಡ ಅಂದ್ರೆ ಸೌಂದರ್ಯ ಅಲ್ಲ, ಕೆಲಸದ ಜಾಗ.

ಹಾಗಾದ್ರೆ ಜನ ಸುಮ್ಮನಿದ್ದರಾ? ಇಲ್ಲ. ಗಿಡ ಯಾರದು ಅಂತ ಗಟ್ಟಿಯಾಗಿ ಕೇಳಿದ್ದು ಉತ್ತರ ಕರ್ನಾಟಕವೇ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಲ್ಕಣಿ ಬಳಿ ಜನ ಮರಗಳನ್ನು ಅಪ್ಪಿಕೊಂಡು ನಿಂತ ಅಪ್ಪಿಕೋ ಚಳವಳಿ ಎಲ್ಲರಿಗೂ ಗೊತ್ತು. ಅದರಷ್ಟು ಹೆಸರಾಗದ ಇನ್ನೊಂದಿದೆ. 1984ರಲ್ಲಿ ಸರ್ಕಾರವೂ ಖಾಸಗಿ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಮಾಡಿಕೊಂಡು, ಹಳ್ಳಿಗಳ ಸಾರ್ವಜನಿಕ ನೆಲದಲ್ಲಿ ನೀಲಗಿರಿ ಬೆಳೆಸಲು ಹೊರಟವು. ದನ ಮೇಯುವ, ಸೌದೆ ಆರಿಸುವ ಜಾಗ ಅದು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಬೇಕಾದ ಸಸಿ ನೆಟ್ಟರು. ಹೆಸರೇ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮುಂದೆ ನಿಂತಿತ್ತು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1991ರಲ್ಲಿ ಕಂಪನಿ ಮುಚ್ಚಿತು.

ಇಂಥ ಹೋರಾಟಗಳ ಬೆನ್ನಿಗೇ 1993ರಲ್ಲಿ ರಾಜ್ಯ ಸರ್ಕಾರ ಜಂಟಿ ಅರಣ್ಯ ಯೋಜನೆಯ ಆದೇಶ ಹೊರಡಿಸಿತು. ಹಳ್ಳಿಗಳಲ್ಲಿ ಗ್ರಾಮ ಅರಣ್ಯ ಸಮಿತಿಗಳಾದವು. ಹಾಳುಬಿದ್ದ ಅರಣ್ಯದಲ್ಲಿ ಜನ ಮತ್ತು ಇಲಾಖೆ ಸೇರಿ ಗಿಡ ಬೆಳೆಸೋದು, ಬಂದದ್ದರಲ್ಲಿ ಪಾಲು ಹಂಚಿಕೊಳ್ಳೋದು. ಎಷ್ಟೋ ಸಮಿತಿಗಳು ಹೆಸರಿಗಷ್ಟೇ ಉಳಿದವು, ಸಹಿ ಹಾಕಿಸೋಕೆ ಮಾತ್ರ ಜನ ಬೇಕಾದರು ಅನ್ನೋ ದೂರು ಇದೆ, ನಿಜವೂ ಹೌದು. ಆದರೂ ಹಳ್ಳಿಯವನಿಗೆ 'ಈ ಗಿಡದ ಬಗ್ಗೆ ನನಗೊಂದು ಮಾತಿದೆ' ಅಂತ ಹೇಳಲು ಒಂದು ಕಾಗದ ಸಿಕ್ಕಿತು.

ಪಟ್ಟಣದವನಿಗೆ? ಇಲ್ಲೇ ತಮಾಷೆ ಇರೋದು. 1992ರ ಸಂವಿಧಾನದ 74ನೇ ತಿದ್ದುಪಡಿ ಪುರಸಭೆ, ನಗರಸಭೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿ ಕೊಟ್ಟಿದೆ. ಅದರಲ್ಲಿ ನಗರ ಅರಣ್ಯ ಇದೆ, ಉದ್ಯಾನ, ಆಟದ ಮೈದಾನ ಇವೆ. ಅದೇ ತಿದ್ದುಪಡಿ ವಾರ್ಡ್ ಸಮಿತಿಗಳನ್ನೂ ತಂದಿತು, ಆದರೆ ಕಡ್ಡಾಯ ಮಾಡಿದ್ದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಊರುಗಳಿಗೆ ಮಾತ್ರ. 2011ರ ಜನಗಣತಿಯಲ್ಲಿ ಸಿಂಧನೂರಿನ ಜನಸಂಖ್ಯೆ ಸುಮಾರು 75 ಸಾವಿರ. ಲಿಂಗಸುಗೂರು, ಮಸ್ಕಿ ಅದಕ್ಕಿಂತ ಚಿಕ್ಕವು. ಅಂದ್ರೆ ಹಳ್ಳಿಯಾಗಿದ್ದರೆ ಅರಣ್ಯ ಸಮಿತಿ, ಬೆಂಗಳೂರಾಗಿದ್ದರೆ ವಾರ್ಡ್ ಸಮಿತಿ. ನಡುವಿನ ಪಟ್ಟಣಕ್ಕೆ ಎರಡರ ಭರವಸೆಯೂ ಇಲ್ಲ. ಕರ್ನಾಟಕದ ಬಹುಪಾಲು ಪಟ್ಟಣಗಳು ಈ ನಡುವಿನವೇ. ನಮ್ಮಲ್ಲಿ ಎಷ್ಟೋ ಜನ ಹುಟ್ಟಿದ್ದು ಅಲ್ಲೇ.

ಕಾನೂನೇ ಇಲ್ಲ ಅಂತಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಪಟ್ಟಣದಲ್ಲಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಐವತ್ತಕ್ಕಿಂತ ಹೆಚ್ಚು ಮರ ಕಡಿಯೋದಾದರೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು ಅಂತ ಆಮೇಲೆ ತಿದ್ದುಪಡಿಯಾಯಿತು. ಬೆಂಗಳೂರಿನಲ್ಲಿ ಇದನ್ನ ಬಳಸೋರು ಇದ್ದಾರೆ. ಆದರೆ ಲಿಂಗಸುಗೂರಿನ ಒಂದು ಬೀದಿಯಲ್ಲಿ ಇರೋದೇ ಎಂಟು ಬೇವಿನ ಗಿಡ ಅಂದುಕೊಳ್ಳಿ. ಆ ಎಂಟೂ ಹೋದರೆ ಬೀದಿಯ ನೆರಳೆಲ್ಲಾ ಹೋದಂತೆ. ಐವತ್ತು ದಾಟಲಿಲ್ಲ, ಹಾಗಾಗಿ ಯಾರನ್ನೂ ಕೇಳಬೇಕಾಗಿಲ್ಲ. ಮರ ತುಂಬಿದ ಊರನ್ನು ಮನಸ್ಸಿನಲ್ಲಿಟ್ಟು ಬರೆದ ಲೆಕ್ಕ ಬಿಸಿಲೂರಿಗೆ ಹೊಂದೋದಿಲ್ಲ. 1985ರ ಉದ್ಯಾನ, ಆಟದ ಮೈದಾನಗಳ ಕಾಯ್ದೆಯೂ ಇದೆ. ಬಡಾವಣೆ ಮಾಡುವವರು ಪಾರ್ಕಿಗೆ ಅಂತ ಜಾಗ ಬಿಡಲೇಬೇಕು. ನಕ್ಷೆಯಲ್ಲಿ ಬಿಡುತ್ತಾರೆ. ನಿಮ್ಮ ಅಪ್ಪ ಅಮ್ಮ ಇರುವ ಬಡಾವಣೆಯ ನಕ್ಷೆಯಲ್ಲಿ ಹಸಿರು ಬಣ್ಣ ಹಚ್ಚಿದ ಜಾಗದಲ್ಲಿ ಇವತ್ತು ಏನಿದೆ ಅಂತ ಒಮ್ಮೆ ಹೋಗಿ ನೋಡಿ. ಬಹಳ ಕಡೆ ಬಳ್ಳಾರಿ ಜಾಲಿ ಇರುತ್ತೆ.

ಏರ್ಪಾಡು ಇಲ್ಲದಿದ್ದರೂ ಮಾಡುವವರು ಮಾಡುತ್ತಿದ್ದಾರೆ. ಸಿಂಧನೂರಿನಲ್ಲಿ ವನಸಿರಿ ಫೌಂಡೇಶನ್‌ನಂಥ ಬಳಗದವರು ಸಸಿ ನೆಡುತ್ತಾರೆ, ಬೇಸಿಗೆಯಲ್ಲಿ ಹಕ್ಕಿಗಳಿಗೆ ನೀರಿಡುತ್ತಾರೆ. ಮದುವೆ, ಹುಟ್ಟುಹಬ್ಬಕ್ಕೆ ಸಸಿ ಕೊಡುವ ಪದ್ಧತಿ ನಮ್ಮ ಕಡೆ ಈಗ ಮಾಮೂಲಾಗಿದೆ. ಅಂಗಡಿಯವರು ತಮ್ಮ ಮುಂದಿನ ಬೇವಿಗೆ ತಾವೇ ಪಾತಿ ಮಾಡಿ ಪಾತ್ರೆ ತೊಳೆದ ನೀರು ಬಿಡುತ್ತಾರೆ. ಇದೆಲ್ಲ ಪ್ರೀತಿಯಿಂದ ನಡೆಯೋ ಕೆಲಸ. ಆದರೆ ಪ್ರೀತಿಗೆ ಹಕ್ಕಿಲ್ಲ. ಹತ್ತು ವರ್ಷ ನೀರು ಹಾಕಿದವನನ್ನು ಜೆಸಿಬಿ ಬಂದ ದಿನ ಯಾರೂ ಒಂದು ಮಾತು ಕೇಳೋದಿಲ್ಲ.

ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನ ಬದುಕಿನಲ್ಲೂ ಇದೇ ಆಯಿತು. ಗಂಡ ಚಿಕ್ಕಯ್ಯನ ಜೊತೆ ಕೊಡದಲ್ಲಿ ನೀರು ಹೊತ್ತು, ಸುತ್ತ ಮುಳ್ಳು ಕಟ್ಟಿ, ಕುದೂರಿನ ರಸ್ತೆಯಲ್ಲಿ 385 ಆಲದ ಸಸಿ ಬೆಳೆಸಿದವರು. ಕೂಲಿ ಮಾಡುತ್ತಿದ್ದ, ಓದಿಲ್ಲದ ಹೆಂಗಸು. 2019ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲೀಕರಣಕ್ಕೆ ಅದೇ ಮರಗಳು ಹೋಗುತ್ತವೆ ಅನ್ನೋ ಸುದ್ದಿಯೂ ಬಂತು. ನೂರು ದಾಟಿದ ಆ ಅಜ್ಜಿ ಮುಖ್ಯಮಂತ್ರಿಯನ್ನು ಕಂಡು ಉಳಿಸಿಕೊಡಿ ಅಂತ ಕೇಳಬೇಕಾಯಿತು. ಪದ್ಮಶ್ರೀ ಇದ್ದವರ ಪಾಡೇ ಹೀಗಾದರೆ ಸಿಂಧನೂರಿನ ಅಂಗಡಿಯವನ ಬೇವಿನ ಗತಿ ಏನು? 2025ರ ನವೆಂಬರ್‌ನಲ್ಲಿ ತಿಮ್ಮಕ್ಕ ತೀರಿಕೊಂಡರು. ಪತ್ರಿಕೆಗಳು ಅವರು ಮರ ನೆಟ್ಟದ್ದನ್ನು ನೆನೆದವು. ನನಗೆ ಮಾತ್ರ ಅವರು ಹೊತ್ತ ಕೊಡಗಳ ಲೆಕ್ಕ ಯಾರಾದರೂ ಹಾಕಿದ್ದರೆ ಅನ್ನಿಸಿತು.

ಬೆಂಗಳೂರಿನ ಅನುಭವದಿಂದ ಒಂದು ಪಾಠ ಊರಿಗೆ ಒಯ್ಯಬಹುದು. 2021ರಲ್ಲಿ ತುರಹಳ್ಳಿ ಕಾಡಿನಲ್ಲಿ ವೃಕ್ಷೋದ್ಯಾನ ಮಾಡಲು ಹೊರಟಾಗ ಸುತ್ತಲಿನ ಜನ ಬೇಡ ಅಂದರು. ಪಾರ್ಕು ಕೊಡ್ತೀವಿ ಅಂದರೂ ಬೇಡ, ಕಾಡು ಕಾಡಾಗಿಯೇ ಇರಲಿ ಅಂದರು. ಇಲಾಖೆ ಹಿಂದೆ ಸರಿಯಿತು. ಜನ ಹಸಿರು ಬೇಕು ಅಂತ ಮಾತ್ರ ಹೇಳಲಿಲ್ಲ, ಎಂಥ ಹಸಿರು ಬೇಕು ಅಂತ ಹೇಳಿದರು. ಮಸ್ಕಿಗೆ ಬೇಕಾಗಿರೋದು ಕಾರಂಜಿ, ಹುಲ್ಲುಹಾಸಿನ ಪಾರ್ಕಾ, ಸಂತೆ ಕೂರುವ ಕಡೆ ನಾಲ್ಕು ಸಾಲು ಬೇವಾ? ಇದಕ್ಕೆ ಉತ್ತರ ಸಂತೆಗೆ ಬರುವವರ ಹತ್ತಿರ ಇದೆ. ಕೇಳುವ ಏರ್ಪಾಡು ಇಲ್ಲ ಅಷ್ಟೇ.

ನನ್ನ ಬೇಡಿಕೆ ದೊಡ್ಡದಲ್ಲ. ಹಳೆಯ ದಾನಶಾಸನದ ನಾಲ್ಕು ಅಂಶ ಸಾಕು. ಪಟ್ಟಣದ ಪ್ರತಿ ಪಾರ್ಕಿನ, ಪ್ರತಿ ಸಾಲಿನ ಗಿಡಗಳ ಲೆಕ್ಕ ಪುರಸಭೆಯ ಗೋಡೆಯ ಮೇಲೆ ಬರೆದಿರಲಿ. ನೀರು ಎಲ್ಲಿಂದ ಅಂತ ಇರಲಿ. ನೋಡಿಕೊಳ್ಳುವ ಬೀದಿಯ ಜನರ ಹೆಸರು ಇರಲಿ, ಅದರಲ್ಲಿ ಕಟ್ಟೆ ಹತ್ತಲಾಗದವರ ಮನೆಯ ಹೆಸರುಗಳು ಮೊದಲು ಇರಲಿ. ಕಡಿಯೋ ಮೊದಲು, ಎಂಟೇ ಗಿಡ ಇದ್ದರೂ, ಆ ಹೆಸರಿನವರನ್ನು ಕೇಳಬೇಕು ಅಂತ ನಗರಸಭೆಯೇ ಒಂದು ಠರಾವು ಮಾಡಲಿ. ಸಂವಿಧಾನ ಕಡ್ಡಾಯ ಮಾಡಿಲ್ಲ ಅಂದ್ರೆ ಬೇಡ ಅಂದಂಗೆ ಅಲ್ಲ. ನಾವು ಊರಿಗೆ ಹೋದಾಗ ಒಂದು ಸಸಿ ನೆಟ್ಟು ಫೋಟೊ ಹಾಕಿ ಬರೋದಕ್ಕಿಂತ, ಆ ಠರಾವಿಗೆ ಒಂದು ಅರ್ಜಿ ಬರೆದು ಬಂದರೆ ಹೆಚ್ಚು ಕೆಲಸ ಆಗುತ್ತೆ. ಅರ್ಜಿ ಬರೆಯೋಕೆ ಬರೋ ಜನ ನಾವೇ ತಾನೆ, ದಿನಾ ಇಮೇಲ್ ಬರೆದೇ ಸಂಬಳ ತಗೊಳ್ಳೋರು.

ಆವತ್ತು ಆ ಹಿರಿಯರು ತೋರಿಸಿದ ಕಟ್ಟೆಗೆ ನಡೆದು ಹೋದೆ. ಬೇವು ಒಳ್ಳೆ ಹರವಾಗಿತ್ತು. ಕೆಳಗೆ ನಾಲ್ಕೈದು ಜನ, ಒಂದು ಮಗು ಮಲಗಿತ್ತು. ಗಿಡ ಯಾರು ಹಚ್ಚಿದ್ದು ಅಂತ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. "ನೀರು ಯಾರು ಹಾಕ್ತಾರೆ?" ಅಂದೆ. ಕಟ್ಟೆಯ ತುದಿಗೆ ಕೂತಿದ್ದ ಅವ್ವ ಒಬ್ಬಾಕಿ ತಲೆ ಎತ್ತಿ, "ನಾವ ಹಾಕ್ತೀವಲ್ಲ" ಅಂದಳು.